ಬಿನ್ನಿನ ತಳಕ್ಕೆ ಕೈ ಹಾಕು

ಪುಟ್ಟಿ, ಹೋದ ಶನಿವಾರ ನಮ್ಮ ದಾಸರಹಳ್ಳಿ ಮನೆಗೆ ಬಂದೆಯಲ್ಲ, ಊಟ ಮುಗಿಸಿ ಚಾಪೆ ಮೇಲೆ ನೋಟ್‌ಬುಕ್ಕು, ದಾಳ ಹರವಿಕೊಂಡು ಕೂತೆಯಲ್ಲ, ಆಗ ನೀನಂದ ಮಾತು ಇನ್ನೂ ನನ್ನ ತಲೆಯಲ್ಲಿ ಸುತ್ತುತ್ತಿದೆ. “ಮಾವ, ಒಗಟು ಕಟ್ಟೋಳೂ ನಾನೇ, ಬಿಡಿಸೋಳೂ ನಾನೇ. ಕಳ್ಳ ಯಾರು ಅಂತ ಮೊದಲೇ ಗೊತ್ತಿದ್ದಮೇಲೆ ಹುಡುಕೋಕೆ ಏನು ಉಳಿಯುತ್ತೆ? ಬರೋ ದೆವ್ವಗಳೂ ಅವವೇ.” ಸ್ವಲ್ಪ ಹೊತ್ತು ಜೊತೆಗೆ ಕೂತು ಆಡಿ ತೋರಿಸಿದೆ. ಅಷ್ಟರಲ್ಲಿ ನಿನಗೆ ಮೆಟ್ರೋಗೆ ಹೊತ್ತಾಯಿತು. ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹಿಡಿದು ಕೋನಪ್ಪನ ಅಗ್ರಹಾರ ಸೇರಬೇಕಲ್ಲ. ಬಾಯಲ್ಲಿ ಹೇಳದೆ ಉಳಿದದ್ದನ್ನು ಬರೆಯುತ್ತಿದ್ದೇನೆ. ನಿನ್ನ ಪೀಜಿಯಲ್ಲೋ, ವೈಟ್‌ಫೀಲ್ಡಿನ ಯಾವುದೋ ಬಾಡಿಗೆ ರೂಮಿನಲ್ಲೋ, ಶಿಫ್ಟು ಮುಗಿಸಿ ಬಂದು ದಾಳ ಎಸೆದು ಕತೆ ಕಟ್ಟುವ ಈ ಆಟವನ್ನು ಒಬ್ಬರೇ ಆಡುವ ಇನ್ನೊಬ್ಬರಿದ್ದರೆ ಅವರಿಗೂ ಓದಿಸು.

ಪೀಣ್ಯ ಸೆಕೆಂಡ್ ಸ್ಟೇಜಿನ ಶೆಡ್ಡುಗಳಲ್ಲಿ ನಾನು 28 ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಲಾಟ್ ಬುಷ್ ನನ್ನ ಕೈಯಿಂದ ಪಾಸಾಯಿತು. ಮಾಲು ತುಂಬಿದ ಬಿನ್ನಿಗೆ ಕೈ ಹಾಕಿ ಹತ್ತು ಎತ್ತಿದ್ದೆ, ಒಳತೂತು ಅಳೆಯುವ ಪ್ಲಗ್ ಗೇಜ್ ಹಾಕಿ ನೋಡಿದ್ದೆ, ಹತ್ತೂ ಸರಿಯಿದ್ದವು. ವಾರದೊಳಗೆ ಇಡೀ ಲಾಟ್ ವಾಪಸ್ ಬಂತು. ಬೆಳಗಿನ ಸೆಟ್ಟಿಂಗ್ ತಪ್ಪಿ ಬೋರ್ ದೊಡ್ಡದಾಗಿತ್ತು. ಮಧ್ಯಾಹ್ನ ಟರ್ನರ್ ಅದನ್ನು ಗಮನಿಸಿ ಸರಿಮಾಡಿಕೊಂಡಿದ್ದ. ಬೆಳಗಿನ ಮಾಲು ಬಿನ್ನಿನ ತಳದಲ್ಲಿ, ಮಧ್ಯಾಹ್ನದ್ದು ಮೇಲೆ. ಫೋರ್‌ಮನ್ ಬೈಯಲಿಲ್ಲ. ಇನ್ನೊಂದು ತುಂಬಿದ ಬಿನ್ನಿನ ಮುಂದೆ ನಿಲ್ಲಿಸಿ, “ಕಣ್ಣು ಮುಚ್ಚಿಕೊಂಡು ಹತ್ತು ತೆಗಿ” ಅಂದರು. ತೆಗೆದೆ. ಕಣ್ಣು ಬಿಟ್ಟು ನೋಡಿದರೆ ಹತ್ತೂ ಮೇಲಿನ ಪದರದವೇ. ಕಣ್ಣು ಮುಚ್ಚಿದರೂ ಕೈ ತನಗೆ ಹತ್ತಿರವಾದದ್ದನ್ನೇ ಎತ್ತುತ್ತದೆ ಅಂತ ಅವತ್ತು ತಿಳಿಯಿತು.

ಮರುದಿನದಿಂದ ನನ್ನ ಮೇಜಿನ ಹಿಂದಿನ ಗೋಡೆಗೆ ಒಂದು ಜೆರಾಕ್ಸ್ ಹಾಳೆ ಬಂತು. ಅದರ ತುಂಬ ಅಂಕಿಗಳು, ಒಂದಕ್ಕೊಂದು ಸಂಬಂಧವಿಲ್ಲದವು. ಪೆನ್ಸಿಲ್ ತುದಿ ಎಲ್ಲಿ ಬೀಳುತ್ತದೋ ಅಲ್ಲಿಂದ ಓದಿಕೊಂಡು ಹೋಗಿ, ಆ ನಂಬರಿನ ಜಾಬನ್ನೇ ತೆಗೆಯಬೇಕು, ಅದು ತಳದಲ್ಲಿದ್ದರೂ ಸರಿ. ಇಂಥ ಅಂಕಿಗಳ ಮೊದಲ ಪುಸ್ತಕವನ್ನು 1927ರಲ್ಲಿ ಇಂಗ್ಲೆಂಡಿನ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞರು ಹೊರತಂದರು, 41,600 ಅಂಕಿಗಳು. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹತ್ತು ಲಕ್ಷ ಅಂಕಿಗಳ ಪುಸ್ತಕವನ್ನೇ ಅಚ್ಚುಹಾಕಿತು. ಅರ್ಥವಿಲ್ಲದ ಅಂಕಿಗಳಿಗೆ ಇಷ್ಟು ಶ್ರಮಪಟ್ಟದ್ದು ಮನುಷ್ಯನ ಕೈಯ ಈ ಒಂದು ಚಾಳಿಯನ್ನು ದಾಟುವುದಕ್ಕೆ.

ನಿನ್ನ ತೊಂದರೆಯೂ ಇದೇ ಅಮ್ಮಾ. ಕಲ್ಪನೆ ಬತ್ತಿಹೋಗಿದೆ ಅಂದುಕೊಂಡು ನೀನು ಕೊರಗುತ್ತಿದ್ದೆ, ಅದು ನಿಜವಲ್ಲ. ಇಷ್ಟು ವರ್ಷ ನೋಡಿದ್ದು, ಕೇಳಿದ್ದು, ಹೆದರಿದ್ದು ಎಲ್ಲ ನಿನ್ನೊಳಗೆ ತುಂಬಿಕೊಂಡಿದೆ. ಆದರೆ ‘ಈಗೊಂದು ದೆವ್ವ ಬರಲಿ’ ಅಂದ ತಕ್ಷಣ ಮನಸ್ಸು ಮೇಲಿನ ಪದರಕ್ಕೆ ಕೈ ಹಾಕುತ್ತದೆ. ಮೊನ್ನೆ ನೋಡಿದ ಸಿನಿಮಾದ ಬಿಳಿ ಸೀರೆ ಸಿಗುತ್ತದೆ. ದಾಳ ಇರುವುದು ತಳದಲ್ಲಿರುವುದನ್ನು ಎತ್ತಿಕೊಡುವುದಕ್ಕೆ.

ನಿನ್ನ ಆಟದಲ್ಲಿ ಗೇಮ್ ಮಾಸ್ಟರ್ ಅಂದೆಯಲ್ಲ, ನನಗೆ ಅರ್ಥವಾದ ಮಟ್ಟಿಗೆ ಆತ ಬಯಲಾಟದ ಭಾಗವತರಿದ್ದ ಹಾಗೆ. ಕತೆ ಎಲ್ಲಿಗೆ ಹೋಗುತ್ತದೆ, ರಾಕ್ಷಸ ಯಾವಾಗ ರಂಗಕ್ಕೆ ಬರುತ್ತಾನೆ ಅನ್ನುವುದು ಅವರಿಗೆ ಗೊತ್ತು. ಒಬ್ಬರೇ ಆಡುವುದೆಂದರೆ ಭಾಗವತರಿಲ್ಲದ ಆಟ, ಆ ಜಾಗದಲ್ಲಿ ದಾಳವನ್ನು ಕೂರಿಸಬೇಕು. ಇದೇ ಬಗೆಯ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಮರುವರ್ಷವೇ ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಒಬ್ಬರೇ ಆಡುವವರಿಗಾಗಿ ನೆಲಮಾಳಿಗೆಯ ಓಣಿ, ಬಾಗಿಲು, ಪ್ರಾಣಿಗಳನ್ನು ದಾಳದಿಂದಲೇ ತೆಗೆಯುವ ಪಟ್ಟಿಗಳನ್ನು ಪ್ರಕಟಿಸಿದರು. ನೀನು ತೋರಿಸಿದ ‘ಮಿಥಿಕ್’ ಪುಸ್ತಕ 2003ರದ್ದು, ಟಾನಾ ಪಿಜನ್ ಅವರದು. ಅದರ ಹೂರಣ ಎರಡೇ ಮಾತು: ಹೌದು ಇಲ್ಲವೆಂಬ ಪ್ರಶ್ನೆ ಕೇಳು, ದಾಳ ಉತ್ತರಿಸಲಿ. ಕತೆ ಕೈಮೀರಿದಷ್ಟೂ 1ರಿಂದ 9ರವರೆಗಿನ ಒಂದು ಅಂಕ ಏರುತ್ತಾ ಹೋಗಿ, ‘ಹೌದು’ ಬೀಳುವ ಸಾಧ್ಯತೆಯನ್ನೂ ಏರಿಸುತ್ತದೆ.

ನಿನ್ನಮ್ಮ ಫೋನಿನಲ್ಲಿ “ಅಣ್ಣಾ, ಒಬ್ಬಳೇ ಕೂತು ದಾಳ ಉರುಳಿಸ್ತಾಳಂತೆ” ಎಂದು ಕಳವಳಪಟ್ಟಳು. ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಕತೆ ಹೇಳಿದೆ. ರಾಜ್ಯಭಾರ ಬ್ರಿಟಿಷರ ಕೈಸೇರಿದ ಮೇಲೂ ಬಹುಕಾಲ ಬದುಕಿದ್ದ ಆ ಅರಸರು ಆಟಗಳನ್ನು ಕಟ್ಟುವುದರಲ್ಲಿ ಮುಳುಗಿದರು. ಚದುರಂಗದ ಕುದುರೆಯೊಂದನ್ನೇ ಹಿಡಿದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸುವ ನಡೆಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳ ವಿಷಯದ್ದು. ಒಬ್ಬರೇ ಕೂತು ಆಡುವುದು ನಮ್ಮ ನೆಲಕ್ಕೆ ಹೊಸದಲ್ಲ ಅಂದಮೇಲೆ ಅವಳು ಸ್ವಲ್ಪ ಸಮಾಧಾನ ಮಾಡಿಕೊಂಡಳು.

ಈಗ ದಾಳದ ಲೆಕ್ಕಕ್ಕೆ ಬರುತ್ತೇನೆ, ಯಾಕೆಂದರೆ ನಿನ್ನ ಪಟ್ಟಿಯ ಮೊದಲ ತಪ್ಪು ಅಲ್ಲೇ ಇತ್ತು. ಎರಡು ದಾಳ ಎಸೆದು ಕೂಡಿದ ಮೊತ್ತಕ್ಕೆ ಪಟ್ಟಿ ಮಾಡಿದ್ದೆ, ಆದರೆ ಬ್ರಹ್ಮರಾಕ್ಷಸನನ್ನು 7ರ ಎದುರು ಕೂರಿಸಿದ್ದೆ. ಎರಡು ದಾಳ ಬೀಳುವ ರೀತಿ ಒಟ್ಟು 36. ಅದರಲ್ಲಿ 7 ಬರುವುದು ಆರು ರೀತಿಯಲ್ಲಿ, 2 ಮತ್ತು 12 ಬರುವುದು ಒಂದೊಂದೇ ರೀತಿಯಲ್ಲಿ. ಆರು ಸಲಕ್ಕೊಮ್ಮೆ ಬ್ರಹ್ಮರಾಕ್ಷಸ ಬಾಗಿಲಿಗೆ ಬಂದು ನಿಂತರೆ ಅವನು ಪೇಪರ್ ಹಾಕುವ ಹುಡುಗನಷ್ಟು ಪರಿಚಯವಾಗಿಬಿಡುತ್ತಾನೆ. 6, 7, 8ರ ಎದುರು ದಿನದ ಸಂಗತಿಗಳನ್ನು ಬರಿ: ಕರೆಂಟು ಹೋಯಿತು, ಸೆಕ್ಯೂರಿಟಿಯವರು ಗೇಟಿನಲ್ಲಿ ತಡೆದರು, ಮಳೆ ಬಂತು. ಭಯಂಕರವಾದದ್ದು 2ಕ್ಕೂ 12ಕ್ಕೂ ಇರಲಿ. ಎಲ್ಲದಕ್ಕೂ ಸಮಪಾಲು ಬೇಕಾದಾಗ ಎರಡು ಬಣ್ಣದ ದಾಳ ತಗೋ. ಒಂದನ್ನು ಹತ್ತರ ಸ್ಥಾನಕ್ಕೆ, ಇನ್ನೊಂದನ್ನು ಬಿಡಿ ಸ್ಥಾನಕ್ಕೆ ಓದಿದರೆ 11ರಿಂದ 66ರವರೆಗೆ ಸಮಪಾಲಿನ 36 ಮನೆ ಸಿಗುತ್ತವೆ.

ನಿಮ್ಮಜ್ಜಿ ಚೌಕಾಬಾರ ಆಡುವಾಗ ಈ ಲೆಕ್ಕವನ್ನೆಲ್ಲ ಕೈಯಲ್ಲೇ ಇಟ್ಟುಕೊಂಡಿದ್ದಳು. ನಾಲ್ಕು ಕವಡೆ ಎಸೆದರೆ ಅಂಗಾತ ಬಿದ್ದವನ್ನು ಎಣಿಸಬೇಕು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುತ್ತವೆ ಅಂದುಕೊಂಡರೆ 16ರಲ್ಲಿ ಎರಡು ಬೀಳುವುದು ಆರು ಸಲ, ಒಂದು ಮತ್ತು ಮೂರು ತಲಾ ನಾಲ್ಕು ಸಲ, ಚೌಕ ಒಂದು ಸಲ, ಬಾರ ಒಂದು ಸಲ. ಪುಟ್ಟ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಧನ ಬೇಡ: ಮೂರು ಸಾಮಾನ್ಯ ಸಂಗತಿ, ಒಂದು ಭಾಗ್ಯ, ಒಂದು ಕೇಡು.

ಇನ್ನು ದೆವ್ವಗಳ ವಿಷಯ. ‘ಬಂತು ಮೋಹಿನಿ, ಬಂತು ಕೊಳ್ಳಿದೆವ್ವ’ ಅಂತ ಹೆಸರುಗಳ ಪಟ್ಟಿ ಮಾಡಿದರೆ ಹೆಸರು ಬಿದ್ದ ಕ್ಷಣಕ್ಕೇ ಕತೆ ಮುಗಿಯಿತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ‘ಕಾಡಿನ ಕತೆಗಳು’ ನಿನಗೆ ಹೈಸ್ಕೂಲಿನಲ್ಲಿ ಕೊಡಿಸಿದ್ದೆ. ಆಂಡರ್ಸನ್ ನಮ್ಮ ಬೆಂಗಳೂರಿನಲ್ಲೇ ಬಾಳಿದವರು. ಆ ಕತೆಗಳಲ್ಲಿ ಹುಲಿ ಕಾಣುವುದು ಎಷ್ಟು ತಡವಾಗಿ, ನೆನಪಿದೆಯಾ? ಮೊದಲು ದನ ಬಾರದೆ ಹೋಗುತ್ತದೆ, ಹೆಜ್ಜೆ ಗುರುತು ಸಿಗುತ್ತದೆ, ಮುಸುವ ಕೂಗುತ್ತದೆ. ಅಷ್ಟು ಹೊತ್ತೂ ಎದೆ ಹೊಡೆದುಕೊಳ್ಳುವುದು ಕಾಣದ ಹುಲಿಗೆ. ಕಾಡೇ ಆಗಬೇಕೆಂದಿಲ್ಲ. 2016ರ ಫೆಬ್ರುವರಿಯ ಒಂದು ಭಾನುವಾರ ವೈಟ್‌ಫೀಲ್ಡ್ ಕಡೆಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗಲೂ, 2023ರಲ್ಲಿ ನಿಮ್ಮ ಎಲೆಕ್ಟ್ರಾನಿಕ್ ಸಿಟಿ ದಾರಿಯ ಕೂಡ್ಲು ಗೇಟಿನ ಹತ್ತಿರ ಇನ್ನೊಂದು ಅಡಗಿಕೊಂಡಿದ್ದಾಗಲೂ, ಜನ ನಡುಗಿದ್ದು ಸಿಸಿಟಿವಿಯಲ್ಲಿ ಸರಿದುಹೋದ ಒಂದು ನೆರಳನ್ನು ನೋಡಿ.

ಅದಕ್ಕೇ ಹೋದ ಶನಿವಾರ ನಿನ್ನಿಂದ ನಾಲ್ಕು ಸಾಲು ಬರೆಸಿದ್ದು: ಗುರುತು, ನೆಲೆ, ಆಸೆ, ಅಳುಕು. ಒಂದೊಂದರಲ್ಲಿ ಆರು. ಬರೆಯುವುದು 24 ಮಾತು, ಅವು ಕೂಡಿ ಹುಟ್ಟುವುದು 1,296 ಜೀವಿಗಳು. ಗುರುತಿನ ಸಾಲಿಗೆ ನೀನು ಎಷ್ಟು ಚೆನ್ನಾಗಿ ಬರೆದೆ! ಟೆರೇಸಿನ ಮೇಲೆ ಒದ್ದೆ ಹೆಜ್ಜೆ, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಒಮ್ಮೆಲೇ ನಿಲ್ಲುವುದು, ಬೀದಿನಾಯಿಗಳೆಲ್ಲ ಒಂದೇ ಕಡೆ ನೋಡುತ್ತಾ ಸುಮ್ಮನಾಗುವುದು. ನೆಲೆಯ ಸಾಲಿಗೆ ಒಣಗಿದ ಬೋರ್‌ವೆಲ್, ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟು, ವೈಟ್‌ಫೀಲ್ಡ್ ಇನ್ನರ್ ಸರ್ಕಲ್ಲಿನ ಹಳೆಯ ಬಂಗಲೆ. ಡಿ.ಎಸ್. ವೈಟ್ ಅವರು 1882ರ ಸುಮಾರಿಗೆ ಆಂಗ್ಲೋ ಇಂಡಿಯನ್ನರಿಗಾಗಿ ಕಟ್ಟಿಸಿದ ಆ ಊರಿನಲ್ಲಿ ಈಗ ಟೆಕ್ ಪಾರ್ಕುಗಳ ಮಧ್ಯೆ ಒಂದೊಂದು ಹೆಂಚಿನ ಮನೆ ಉಳಿದಿದೆಯಲ್ಲ, ಅದು. ನಾನು ಸೇರಿಸಿದ್ದು ವರ್ತೂರು ಕೆರೆಯ ನೊರೆ. ಕೆರೆಯ ನೊರೆ ಉಕ್ಕಿ ರಸ್ತೆಗೆ ಹಾರಿದ್ದನ್ನೂ, ಪಕ್ಕದ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಹೊತ್ತಿ ಉರಿದದ್ದನ್ನೂ ಕಂಡ ನಾವು ಡ್ರ್ಯಾಗನ್ನಿಗಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಪುಸ್ತಕದ ಜೊತೆ ಬಂದ ಪಟ್ಟಿಗಳು ಚೆನ್ನಾಗಿಯೇ ಇವೆ, ಆದರೆ ಅವು ಇನ್ನೊಬ್ಬರ ಬಿನ್ನು. ಅಲ್ಲಿ ಎಷ್ಟು ಆಳಕ್ಕೆ ಕೈ ಹಾಕಿದರೂ ಸಿಗುವುದು ಅವರ ಹಿಮ, ಅವರ ಕೋಟೆ.

ಎಸೆದಾಗ ಬಿದ್ದದ್ದು ನೆನಪಿದೆಯಲ್ಲ: ಸುಮ್ಮನಾದ ನಾಯಿಗಳು, ಒಣ ಬೋರ್‌ವೆಲ್, ಜನರ ಹೆಸರುಗಳ ಆಸೆ, ಫ್ಯಾಕ್ಟರಿ ಸೈರನ್ನಿನ ಅಳುಕು. ಬೋರ್‌ವೆಲ್ಲಿಗೂ ಹೆಸರಿಗೂ ಎತ್ತಣ ನಂಟು ಅಂತ ನಾನು ನೋಡುತ್ತಿದ್ದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ನೀರು ಬತ್ತಿದೆ, ಅದಕ್ಕೇ ಅದು ಹೆಸರು ಕುಡಿಯುತ್ತೆ. ರಾತ್ರಿ ಹೆಸರು ಹಿಡಿದು ಕೂಗುತ್ತೆ, ಓಗೊಟ್ಟವರ ಹೆಸರು ಬೆಳಿಗ್ಗೆ ಯಾರಿಗೂ ನೆನಪಿರಲ್ಲ” ಅಂದೆ. ನಿಮ್ಮತ್ತೆ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಬಾಗಿಲಿನ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದ ಕಾಲ ಅವಳಿಗೆ ನೆನಪಾಯಿತು. ಪರಿಚಿತರ ದನಿಯಲ್ಲಿ ಹೆಸರು ಕರೆಯುವ ದೆವ್ವವನ್ನು ಒಂದೊಂದೇ ದಿನ ಮುಂದಕ್ಕೆ ಹಾಕುವ ಉಪಾಯ ಅದು. ದಾಳ ನಿನಗೆ ಆ ಕತೆಯನ್ನು ಕೊಡಲಿಲ್ಲ. ಕೂಡದ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟಿತು, ಕೂಡಿಸಿದ್ದು ನೀನು.

ಕರಾವಳಿಯವರು ಆರಾಧಿಸುವ ಪಂಜುರ್ಲಿ, ಗುಳಿಗನಂಥ ದೈವಗಳನ್ನು ಮಾತ್ರ ಈ ಸಾಲಿಗೆ ತರಬೇಡ. ನಿನ್ನ ಪಕ್ಕದ ಮಂಚದ ಹುಡುಗಿ ಆ ಕಡೆಯವಳು ಅಂದಿದ್ದೆ. ಅವಳ ಮನೆಯಲ್ಲಿ ಕೋಲ ಕಟ್ಟಿಸಿ ಕೈಮುಗಿಯುವುದನ್ನು ನೀನು ದಾಳಕ್ಕೆ ಸಿಕ್ಕಿಸುವುದು ಸರಿಯಲ್ಲ. ಬೋರ್‌ವೆಲ್ಲಿನ ಒಳಗಿಂದ ‘ಮಗುವಿನ ದನಿ’ ಅಂತ ನೀನು ಬರೆದದ್ದನ್ನು ನಾನು ಅಳಿಸಿಸಿದ್ದೂ ಅದಕ್ಕೇ. ನಮ್ಮ ರಾಜ್ಯದಲ್ಲೇ ಕೊಳವೆಬಾವಿಗೆ ಬಿದ್ದು ತೀರಿಕೊಂಡ ಮಕ್ಕಳಿದ್ದಾರೆ, ಅವರ ತಾಯಂದಿರಿದ್ದಾರೆ.

ರಹಸ್ಯದ ವಿಷಯ ಇದಕ್ಕಿಂತ ಕಷ್ಟ. ನನ್ನ ಕಾಲದಲ್ಲಿ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಕಾದಂಬರಿ ತಂದು ಒಂದೇ ರಾತ್ರಿಗೆ ಮುಗಿಸುತ್ತಿದ್ದೆವು. ಪತ್ತೇದಾರ ಪುರುಷೋತ್ತಮನಿಗೆ ಕೊನೆಯ ಪುಟದಲ್ಲಿ ಸಿಗುವವನನ್ನು ಬರೆದವರು ಮೊದಲೇ ತೀರ್ಮಾನಿಸಿರುತ್ತಿದ್ದರು. ನೀನೂ ಹಾಗೇ ಮಾಡಲು ಹೋಗಿ ಸೋತೆ. ಒಬ್ಬಳೇ ಆಡುವಾಗ ಕಳ್ಳನನ್ನು ಮೊದಲು ಇಡಬೇಡ. ಸುಳಿವುಗಳು ಮೊದಲು ಬರಲಿ, ಅವು ಯಾರ ಕಡೆ ಬೆರಳು ತೋರಿಸುತ್ತವೆ ಅನ್ನುವುದನ್ನು ದಾಳ ಹೇಳಲಿ.

ಪೀಣ್ಯದ ಶೆಡ್ಡಿನ ಕತೆಯನ್ನೇ ತಗೋ. ಸೆಕೆಂಡ್ ಶಿಫ್ಟು ಮುಗಿದ ಮೇಲೆ ವಾಚ್‌ಮನ್ ಕಾಣೆ. ಆರು ಜನರ ಪಟ್ಟಿ: 1 ಗುಜರಿಯವನು, 2 ಲೇಬರ್ ಕಂಟ್ರಾಕ್ಟರ್, 3 ಹೊಸ ಅಪ್ರೆಂಟಿಸ್, 4 ಪಕ್ಕದ ಶೆಡ್ಡಿನ ಮಾಲೀಕ, 5 ಕಾಣೆಯಾದ ವಾಚ್‌ಮನ್, 6 ಪಟ್ಟಿಯಲ್ಲಿಲ್ಲದವರು. ಐದನೆಯದೂ ಆರನೆಯದೂ ಯಾವಾಗಲೂ ಇರಲೇಬೇಕು, ನೊಂದವರೇ ಮಾಡಿದವರಾಗುವುದಕ್ಕೂ ಗೊತ್ತಿಲ್ಲದವರು ಒಳಬರುವುದಕ್ಕೂ ಬಾಗಿಲು ತೆರೆದಿರಲಿ. ಫ್ಲಾಸ್ಕಿನಲ್ಲಿ ಚಹ ಇನ್ನೂ ಬಿಸಿ, ಎಸೆದೆ, 1. ಲೇತಿನ ಚಕ್ಕಿನಲ್ಲಿ ಅರ್ಧ ತಿರುವಿದ ಬುಷ್ ಇನ್ನೂ ಬೆಚ್ಚಗೆ, 5. ಗೇಟಿಗೆ ಒಳಗಿನಿಂದ ಬೀಗ, ಮತ್ತೆ 5. ಅಲ್ಲಿ ನೀನು ತಲೆ ಎತ್ತಿ, “ಮಾವ, ವಾಚ್‌ಮನ್‌ಗೆ ಲೇತ್ ಓಡಿಸೋಕೆ ಬರುತ್ತಾ?” ಅಂದೆ. ಪತ್ತೇದಾರಿಕೆ ಶುರುವಾದದ್ದು ಆ ಪ್ರಶ್ನೆಯಿಂದ, ಅದು ನಿನಗೂ ಹೊಸದಾಗಿತ್ತು, ನನಗೂ. ಹಾಜರಿ ಪುಸ್ತಕದ ಹರಿದ ಹಾಳೆ 3ಕ್ಕೆ ಹೋಯಿತು. ಲಾಕರಿನಲ್ಲಿ ಸಿಕ್ಕ ಹಳೆಯ ಐಟಿಐ ಸರ್ಟಿಫಿಕೇಟು ಮತ್ತೆ 5ಕ್ಕೆ ಬಂತು.

ಒಬ್ಬರ ಮೇಲೆ ಮೂರು ಸುಳಿವು ಬಿದ್ದಾಗ ಮಾತ್ರ ನೇರವಾಗಿ ಕೇಳು: ಇವರೇನಾ? ಒಂದೇ ದಾಳ ಸಾಕು. 4, 5 ಹೌದು. 6 ಹೌದು, ಅದರ ಜೊತೆಗೆ ಇನ್ನೊಂದು ಹೊಸ ಸಂಗತಿ. 2, 3 ಇಲ್ಲ. 1 ಇಲ್ಲ, ಮೇಲಾಗಿ ಒಂದು ಕಷ್ಟ. ‘ಇಲ್ಲ’ ಬಂದರೆ ಬೇಸರಪಡಬೇಡ, ಆಟ ರಂಗೇರುವುದೇ ಅಲ್ಲಿ. ಆ ಮೂರು ಸುಳಿವುಗಳಲ್ಲಿ ಒಂದು ಸುಳ್ಳು ಅಂತಾಯಿತು. ಯಾವುದು ಸುಳ್ಳು, ಅದನ್ನು ಅಲ್ಲಿ ಇಟ್ಟವರು ಯಾರು ಅಂತ ಮತ್ತೆ ಎಸೆಯಬೇಕು. ನಿನಗೆ 3 ಬಿತ್ತು, ಅಷ್ಟರಲ್ಲಿ ಹೊರಟೆ.

ಇದು ಕೆಲಸ ಮಾಡುವುದು ಒಂದು ಕಟ್ಟಳೆಗೆ ನೀನು ಬದ್ಧಳಾದರೆ ಮಾತ್ರ. ಒಮ್ಮೆ ಬಿದ್ದದ್ದು ಬಿದ್ದದ್ದು. ಪೆನ್ಸಿಲ್ ಬಿಟ್ಟು ಪೆನ್ನಿನಲ್ಲಿ ಬರಿ. ನಮ್ಮ ಇನ್‌ಸ್ಪೆಕ್ಷನ್ ರಿಜಿಸ್ಟರಿನಲ್ಲಿ ರಬ್ಬರಿಗೆ ಜಾಗವಿರಲಿಲ್ಲ. ತಪ್ಪಿದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು, ಹೊಡೆದುಹಾಕಿದ್ದೂ ಓದುವಂತಿರಬೇಕು. ‘ಇದು ಚೆನ್ನಾಗಿಲ್ಲ, ಇನ್ನೊಂದ್ಸಲ ಎಸೀತೀನಿ’ ಅಂದ ಕ್ಷಣ ನೀನು ಕಣ್ಣು ಬಿಟ್ಟುಕೊಂಡು ಮೇಲಿನ ಪದರಕ್ಕೇ ಕೈ ಹಾಕಿದಂತೆ. ಎರಡು ಸಂಗತಿ ಒಂದಕ್ಕೊಂದು ಹೊಂದದಿದ್ದರೆ ಒಂದನ್ನು ಬಿಸಾಡಬೇಡ, ಎರಡೂ ನಿಜವಾಗಿರುವುದು ಹೇಗೆ ಅಂತ ಯೋಚಿಸು. ಬೇಕಾದರೆ ದೀಪ ಆರಿಸಿ ಮಲಗು, ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯುತ್ತದೆ.

ಪ್ರಶ್ನೆ ಕೇಳುವ ಬಗೆಯನ್ನು ನಾನು ಕಲಿತದ್ದು ದೇವಸ್ಥಾನದಲ್ಲಿ. ನಮ್ಮೂರಿನಲ್ಲಿ ಹೂ ಕೇಳುವಾಗ ಅರ್ಚಕರು ಮೊದಲು ಪ್ರಶ್ನೆಯನ್ನು ಬಿಡಿಸಿ ಹೇಳಿಸುತ್ತಿದ್ದರು: ಬಲಗಡೆ ಬಿದ್ದರೆ ಏನು ಮಾಡುತ್ತೀರಿ, ಎಡಗಡೆ ಬಿದ್ದರೆ ಏನು ಮಾಡುತ್ತೀರಿ. ಎರಡಕ್ಕೂ ಉತ್ತರವಿಲ್ಲದವರನ್ನು ವಾಪಸ್ ಕಳಿಸುತ್ತಿದ್ದರು. ಆಟದಲ್ಲೂ ಹಾಗೇ ಇರಲಿ. ‘ಬಾಗಿಲ ಹಿಂದೆ ಯಾರಾದರೂ ಇದ್ದಾರಾ?’ ಅಂದಾಗ ಇಲ್ಲ ಅಂತ ಬಂದರೆ ಕತೆ ಅಲ್ಲೇ ನಿಂತುಬಿಡುತ್ತದೆ. ‘ಬಾಗಿಲು ಈಗಾಗಲೇ ತೆರೆದಿದೆಯಾ?’ ಅಂತ ಕೇಳು, ಎರಡು ಉತ್ತರದಲ್ಲೂ ಮುಂದೆ ಹೋಗಲು ದಾರಿಯಿದೆ. ಹೆಜ್ಜೆಹೆಜ್ಜೆಗೂ ಎಸೆಯಬೇಡ. ನಿನಗೆ ನಿಜವಾಗಿ ಗೊತ್ತಿಲ್ಲದ, ಗೊತ್ತಾಗಬೇಕೆಂದು ಜೀವ ಹಾತೊರೆಯುವ ಕಡೆ ಮಾತ್ರ ಎಸೆ.

ಬಿದ್ದದ್ದು ಬಿದ್ದದ್ದು ಅಂದೆ, ಅದಕ್ಕೆ ಒಂದು ವಿನಾಯಿತಿ ಇದೆ. ರಾತ್ರಿ ಎರಡು ಗಂಟೆ, ರೂಮಿನಲ್ಲಿ ಒಬ್ಬಳೇ, ದಾಳ ತಂದದ್ದು ನಿನ್ನ ಅಪ್ಪನ ಆಸ್ಪತ್ರೆಯ ದಿನಗಳನ್ನು ನೆನಪಿಸುವಂಥದ್ದು. ಆಗ ಗೆರೆ ಎಳೆ, ಸಹಿ ಹಾಕು, ಮುಂದಕ್ಕೆ ಹೋಗು. ಯಾರಿಗೂ ಕಾರಣ ಹೇಳಬೇಕಾಗಿಲ್ಲ. ದೀಪ ಹಾಕಿಕೊಂಡು ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಇನ್ನೊಂದು ಮಾತು: ಆಫೀಸಿನ ಕೆಲಸ ಬಿಡಲೋ ಬೇಡವೋ ಅನ್ನುವುದನ್ನು ಅದೇ ದಾಳಕ್ಕೆ ಕೇಳಿದೆ ಅಂದೆಯಲ್ಲ, ಅದು ಬೇಡಮ್ಮ. ಆಟದಲ್ಲಿ ಅದು ಬಾಯಿಬಿಡುವುದು ನೀನು ತುಂಬಿಸಿಟ್ಟ ಪಟ್ಟಿಯಿಂದ. ನಿನ್ನ ಬದುಕಿನ ವಿಷಯ ಮಾತಾಡೋಣ ಬಾ, ನಾನೂ ನಿಮ್ಮತ್ತೆಯೂ ಇದ್ದೇವೆ.

ನಿನ್ನಮ್ಮನ ಕೈಲಿ ಹಳೆಯ ಅಡಿಕೆ ಡಬ್ಬಿ ಕಳಿಸಿದ್ದೇನೆ, ಅದರಲ್ಲಿ ಅಜ್ಜಿಯ ನಾಲ್ಕು ಕವಡೆಗಳಿವೆ. ಒಂದರ ಬೆನ್ನು ಸವೆದಿದೆ, ಅದು ಉಳಿದವಕ್ಕಿಂತ ಹೆಚ್ಚು ಸಲ ಅಂಗಾತ ಬೀಳುತ್ತದೆ ಅಂತ ನನ್ನ ಅನುಮಾನ. ಪಟ್ಟಿ ಮಾಡುವ ಮೊದಲು ನೂರು ಸಲ ಎಸೆದು, ಯಾವುದು ಎಷ್ಟು ಸಲ ಬಿತ್ತು ಅಂತ ಗೆರೆ ಹಾಕಿ ಎಣಿಸಿಕೋ. ಆಮೇಲೆ ವಾಚ್‌ಮನ್‌ನ ಆ ಮೂರು ಸುಳಿವುಗಳಲ್ಲಿ ಸುಳ್ಳು ಯಾವುದು ಅಂತ ಎಸೆ. ನನಗೆ ಹೇಳಬೇಡ, ಮುಂದಿನ ಸಲ ಬಂದಾಗ ನೋಟ್‌ಬುಕ್ ಓದಿಸು.